ಕಸಿ ಎಂಜಿನ್ನಿಗೆ ಬಾಗಿಲು ತೆರೆಯದ ಕಾನೂನು

ಪುತ್ತೂರಿನಲ್ಲಿ ‘ಹೈಬ್ರಿಡ್’ ಎಂದರೆ ಮೊದಲು ನೆನಪಾಗುವುದು ಗೇರು. ಮೊಟ್ಟೆತ್ತಡ್ಕದ ಗೇರು ಸಂಶೋಧನಾ ನಿರ್ದೇಶನಾಲಯದ ತಳಿಗಳನ್ನು ನೆಟ್ಟು ಬೆಳೆಸಿದ ಈ ಸೀಮೆಯ ಕೃಷಿಕನಿಗೆ ಒಂದರ ಬುಡಕ್ಕೆ ಇನ್ನೊಂದರ ಕುಡಿಯನ್ನು ಕಸಿ ಕಟ್ಟುವುದು ಹೊಸ ಸಂಗತಿಯಲ್ಲ. ನಗರದ ಷೋರೂಮಿನಲ್ಲಿ ಅದೇ ಪದಕ್ಕೆ, ಪೆಟ್ರೋಲ್ ಎಂಜಿನ್ ಜತೆ ವಿದ್ಯುತ್ ಮೋಟಾರು ಜೋಡಿಸಿದ ಕಾರು ಎಂಬ ಅರ್ಥ. ಮೂರನೆಯ ಹೈಬ್ರಿಡ್ ಒಂದಿದೆ. ಅದು ಗ್ಯಾರೇಜಿನದು. ಒಂದು ಎಂಜಿನ್ನಿನ ಬ್ಲಾಕ್, ಇನ್ನೊಂದರ ಸಿಲಿಂಡರ್ ಹೆಡ್, ಗುಜರಿಯಿಂದ ತಂದ ಮತ್ತೊಂದರ ಡೀಸೆಲ್ ಪಂಪು ಸೇರಿಸಿ ಎಂಜಿನ್ ಕಟ್ಟಿ, ಹಳೆಯ ಜೀಪಿನ ಚಾಸಿಗೆ ಕೂರಿಸುವ ವಿದ್ಯೆ. ಪುತ್ತೂರು, ಸುಳ್ಯ ಮತ್ತು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಡಬದ ಒಳಹಳ್ಳಿಗಳಲ್ಲಿ ಇಂತಹ ಜೀಪುಗಳು ಜನರನ್ನೂ ಅಡಿಕೆಯನ್ನೂ ಹೊತ್ತಿವೆ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಇದು ಅಪರಾಧ.

ಈ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಗೊತ್ತು, ಕಷ್ಟವಿರುವುದು ಎಂಜಿನ್ನನ್ನು ಎತ್ತಿ ಇಳಿಸುವುದರಲ್ಲಲ್ಲ. ಬೇರೆ ಎಂಜಿನ್ನಿನ ಬೋಲ್ಟ್ ತೂತುಗಳು ಹಳೆಯ ಗೇರ್ ಬಾಕ್ಸಿಗೆ ಹೊಂದುವುದಿಲ್ಲ. ನಡುವೆ ಒಂದು ಉಕ್ಕಿನ ಫಲಕವನ್ನು ಲೇತ್‌ನಲ್ಲಿ ಕಡೆಸಬೇಕು. ಕ್ರ್ಯಾಂಕ್ ಶಾಫ್ಟ್ ಮತ್ತು ಗೇರ್ ಬಾಕ್ಸ್ ದಂಡ ಒಂದೇ ನೇರಕ್ಕೆ ಬರದೆ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಬೇಗನೆ ಸವೆಯುತ್ತದೆ. ಎಂಜಿನ್ ಕೂರುವ ಬ್ರ್ಯಾಕೆಟ್ಟುಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕು, ಪ್ರೊಪೆಲರ್ ಶಾಫ್ಟಿನ ಉದ್ದ ಸರಿಪಡಿಸಬೇಕು, ರೇಡಿಯೇಟರ್ ದೊಡ್ಡದಾಗಬೇಕು. ಎಂಜಿನ್ ಭಾರ ಹೆಚ್ಚಿದರೆ ಮುಂದಿನ ಸ್ಪ್ರಿಂಗ್ ತಗ್ಗುತ್ತದೆ. ಹಳೆಯ ಬ್ರೇಕು ಹಳೆಯ ವೇಗಕ್ಕೆ ಮಾಡಿದ್ದು, ಸಂಪಾಜೆ ಘಾಟಿ ಇಳಿಯುವಾಗ ಅದು ನೆನಪಿರಬೇಕು. ನಾನು ಕಂಡ ಮೆಕ್ಯಾನಿಕ್ಕುಗಳಲ್ಲಿ ಹೆಚ್ಚಿನವರು ಇದನ್ನೆಲ್ಲ ಬಲ್ಲವರು. ಬ್ರೇಕನ್ನು ಮರೆತವರೂ ಉಂಟು.

ಈ ಕಸುಬು ಬೆಳೆಯಲು ಕಾರಣ ಯಾರು? 1947ರಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪನ್ನು ಜೋಡಿಸಲಾರಂಭಿಸಿದಾಗ ಅದರ ಒಳಗಿದ್ದುದು ಪೆಟ್ರೋಲ್ ಎಂಜಿನ್. 1973ರ ತೈಲ ಬಿಕ್ಕಟ್ಟಿನ ಅನಂತರ ಕಂಪನಿಯೇ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ನನ್ನು, ಬಳಿಕ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಎಂಜಿನ್ನನ್ನು ಜೀಪಿಗೆ ಅಳವಡಿಸಿತು. ಇತ್ತ ಸರ್ಕಾರವು ದಶಕಗಳ ಕಾಲ ಡೀಸೆಲ್ ದರವನ್ನು ಪೆಟ್ರೋಲಿಗಿಂತ ಬಹಳ ಕೆಳಗೆ ಹಿಡಿದಿಟ್ಟಿತು. ಪೆಟ್ರೋಲ್ ದರ ನಿಯಂತ್ರಣ ಹೋದದ್ದು 2010ರ ಜೂನ್‌ನಲ್ಲಿ, ಡೀಸೆಲ್‌ನದು 2014ರ ಅಕ್ಟೋಬರ್‌ನಲ್ಲಿ. ಅಷ್ಟು ಕಾಲ ಪೆಟ್ರೋಲ್ ಜೀಪಿನ ಮಾಲೀಕನಿಗೆ ಎಂಜಿನ್ ಬದಲಿಸುವುದೇ ಲೆಕ್ಕಾಚಾರದ ದಾರಿಯಾಗಿತ್ತು. ಬಡ ಗ್ರಾಹಕನ ಹೆಸರಿನಲ್ಲಿ ಕೊಟ್ಟ ಸಹಾಯಧನ ಎಲ್ಲೆಲ್ಲಿ ಹರಿಯುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಾನು ಕಿರಿಯ ಅಧಿಕಾರಿಯಾಗಿದ್ದಾಗ ಚುನಾವಣೆಗೆಂದು ಖಾಸಗಿ ಜೀಪುಗಳನ್ನು ವಶಕ್ಕೆ ಪಡೆದು ಮತಗಟ್ಟೆಗಳಿಗೆ ಓಡಿಸಿದ್ದೇನೆ. ಬಾನೆಟ್ಟಿನ ಅಡಿ ಯಾವ ಎಂಜಿನ್ ಇದೆ ಎಂದು ಒಮ್ಮೆಯೂ ಕೇಳಿದವನಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ಮೊದಲು ಇಷ್ಟು ಬಿಗಿಯಾಗಿರಲಿಲ್ಲ. ನೋಂದಣಿ ಅಧಿಕಾರಿಯ ಅನುಮತಿ ಪಡೆದು ವಾಹನವನ್ನು ಮಾರ್ಪಡಿಸಬಹುದಿತ್ತು. 2000ದ ತಿದ್ದುಪಡಿಯು ತಯಾರಕರು ನಮೂದಿಸಿದ ವಿವರಗಳಿಂದ ವಾಹನ ಬೇರೆಯಾಗಕೂಡದು ಎಂದಿತು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅದೇ ತಯಾರಕರ ಅದೇ ಮಾದರಿಯ ಎಂಜಿನ್ನನ್ನು ಅನುಮತಿಯಿಂದ ಬದಲಿಸಬಹುದು. ಬ್ಯಾಟರಿ, ಸಿಎನ್‌ಜಿ ಮುಂತಾದ ಬೇರೆ ಇಂಧನಕ್ಕೆ, ಅನುಮೋದಿತ ಕಿಟ್ ಮೂಲಕ ಮಾತ್ರ, ಬದಲಾಯಿಸಿಕೊಳ್ಳಬಹುದು.

ಈ ‘ಅನುಮೋದಿತ ಕಿಟ್’ ಎಂಬಲ್ಲೇ ತೊಡಕಿದೆ. ಓಡುತ್ತಿರುವ ಕಾರಿಗೆ ವಿದ್ಯುತ್ ಮೋಟಾರು ಸೇರಿಸಿ ಹೈಬ್ರಿಡ್ ಮಾಡುವ ಕಿಟ್ಟನ್ನು ಪುಣೆಯ ಕೆಪಿಐಟಿ ಸಂಸ್ಥೆ 2010ರಲ್ಲೇ ಪ್ರದರ್ಶಿಸಿತ್ತು. ಇಂತಹ ಅಳವಡಿಕೆಗೆ ನಿಯಮ ಬಂದದ್ದು 2016ರಲ್ಲಿ. ಅದೂ ಭಾರತ್ ಸ್ಟೇಜ್-2 ಅಥವಾ ಅನಂತರದ ಮಾನದಂಡದ ವಾಹನಗಳಿಗೆ ಮಾತ್ರ. ಆ ಮಾನದಂಡ ದೇಶದಾದ್ಯಂತ ಜಾರಿಯಾದದ್ದು 2005ರಲ್ಲಿ. ಹಾಗಾಗಿ ನಮ್ಮ ಹಳೆಯ ಜೀಪು ಹೊಸ್ತಿಲಲ್ಲೇ ನಿಲ್ಲುತ್ತದೆ. ಪುಣೆಯ ಎಆರ್‌ಎಐಯಂತಹ ಸಂಸ್ಥೆಗಳಲ್ಲಿ ಮಾಡಿಸಬೇಕಾದ ಪರೀಕ್ಷೆಯ ವೆಚ್ಚವನ್ನು ಸಾವಿರಾರು ಕಿಟ್ ಮಾರುವವನು ಭರಿಸಿಯಾನು. ಒಂದೇ ಜೀಪು ಕಟ್ಟುವ ಸುಳ್ಯದ ಮೆಕ್ಯಾನಿಕ್ಕು ಹೇಗೆ ಭರಿಸಬೇಕು?

ಒಂಟಿ ವಾಹನವನ್ನೇ ಪರೀಕ್ಷಿಸಿ ಅನುಮತಿಸುವ ಪದ್ಧತಿ ಬ್ರಿಟನ್ನಿನಲ್ಲಿದೆ. ಮಾರ್ಪಟ್ಟ ವಾಹನ ತನ್ನ ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಬಹುದೇ ಎಂದು ತೀರ್ಮಾನಿಸಲು ಅಲ್ಲಿ ದೀರ್ಘಕಾಲ ಅಂಕಪಟ್ಟಿಯೊಂದನ್ನು ಬಳಸಿದರು. ಎಂಟು ಅಂಕ ಬೇಕು. ಮೂಲ ಚಾಸಿಗೆ ಐದು, ಎಂಜಿನ್ನಿಗೆ ಕೇವಲ ಒಂದು. ವಾಹನದ ಗುರುತು ಇರುವುದು ಎಲ್ಲಿ ಎಂಬ ಬಗ್ಗೆ ಅವರ ಗ್ಯಾರೇಜು ಮತ್ತು ಕಚೇರಿಗಳಿಗೆ ಒಮ್ಮತವಿತ್ತು ಎನ್ನಬೇಕು.

ಸರ್ಕಾರದ ಆತಂಕವೂ ಸುಳ್ಳಲ್ಲ. ಎಂಜಿನ್ ಸಂಖ್ಯೆ ಇರುವುದು ಬ್ಲಾಕಿನ ಮೇಲೆ. ಕದ್ದ ವಾಹನದ ಹೆಡ್, ಪಂಪುಗಳ ಗುರುತು ಹಿಡಿಯುವುದು ಕಷ್ಟ. ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್ ಇನ್ನೋವಾಗಳು ಮುಂದೊಂದು ದಿನ ಗುಜರಿಗೆ ಬಂದೇ ಬರುತ್ತವೆ. ಆಗ ಅವುಗಳ ನೂರಾರು ವೋಲ್ಟಿನ ಬ್ಯಾಟರಿ ಬೀದಿಬದಿಯ ಗ್ಯಾರೇಜಿಗೆ ಹೋಗುವುದು ಅಪಾಯಕರ; ಅಲ್ಲಿ ನಿಷೇಧ ಇರಲಿ. ಆದರೆ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದನ್ನು ಅದೇ ತಕ್ಕಡಿಯಲ್ಲಿ ತೂಗಬೇಕೆ? ಪುತ್ತೂರಿನಲ್ಲೂ ಸುಳ್ಯದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ವೆಲ್ಡಿಂಗ್, ಬ್ರೇಕು, ಹೊಗೆ, ಬಿಡಿಭಾಗ ಖರೀದಿಯ ರಸೀತಿ ಇವನ್ನು ಅಲ್ಲಿನ ಮೆಕ್ಯಾನಿಕಲ್ ವಿಭಾಗ ಪರಿಶೀಲಿಸಿ ಪ್ರಮಾಣಪತ್ರ ಕೊಡಬಹುದು. ಅದರ ಆಧಾರದ ಮೇಲೆ ಆರ್‌ಟಿಒ ಹೊಸ ಎಂಜಿನ್ ಸಂಖ್ಯೆಯನ್ನು ದಾಖಲಿಸಬಹುದು. ನಿಯಮ ಮಾಡಬೇಕಾದದ್ದು ಕೇಂದ್ರ. ಮೋಟಾರು ವಾಹನ ಸಮವರ್ತಿ ಪಟ್ಟಿಯ ವಿಷಯವಾದ್ದರಿಂದ ರಾಜ್ಯವೂ ಕೇಳಲು ಹಕ್ಕುಳ್ಳದ್ದು.

2022ರ ಏಪ್ರಿಲ್‌ನಲ್ಲಿ ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕವನ್ನು 600ರಿಂದ 5,000 ರೂಪಾಯಿಗೆ ಏರಿಸಲಾಯಿತು. ಇಷ್ಟು ಕೊಟ್ಟು ನವೀಕರಿಸಿದ ಕೆಎ 21ರ ಜೀಪು ಗುಂಡ್ಯದ ತಿರುವಿನಲ್ಲಿ ಯಾರಿಗಾದರೂ ಬಡಿದರೆ, ಪುಸ್ತಕದಲ್ಲಿರುವ ಎಂಜಿನ್ ಇದಲ್ಲ ಎಂದು ವಿಮಾ ಕಂಪನಿ ತಕರಾರು ತೆಗೆಯಬಹುದು. ಗಾಯಾಳುವಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ಹೊರಡಬಹುದು. ಎರಡು ಎಕರೆ ತೋಟದವನ ಬಳಿ ಆಗ ಉಳಿಯುವುದು ಆ ತೋಟವೊಂದೇ.