ಹಿತ್ತಲಿಗೂ ಕಣಜಕ್ಕೂ ಹೊಲದ ವಿಷ ಬೇಡ

ಮಾಗಿಯ ಚಳಿಗಾಲ ರೈತನ ಮನೆಗೆ ಸಮೃದ್ಧಿಯ ಕಾಲ. ರಾಗಿ ಕಣಕ್ಕೆ ಬಂದಿರುತ್ತದೆ, ಅವರೆ ಸೊಗಡು ತುಂಬಿ ನಿಂತಿರುತ್ತದೆ, ಸಂಕ್ರಾಂತಿಯ ಆಸುಪಾಸಿನಲ್ಲಿ ತೊಗರಿಯೂ ಮನೆ ಸೇರುತ್ತದೆ. ಹಿತ್ತಲಲ್ಲಿ ಕೋಸು, ಮೂಲಂಗಿ, ಟೊಮೆಟೊ, ಮೆಂತ್ಯ, ಕೊತ್ತಂಬರಿ ಹುಲುಸಾಗಿ ಬರುವುದೂ ಈಗಲೇ. ಆದರೆ ಹೇನು, ಹುಳು, ನುಸಿಗಳೂ ಇದರಲ್ಲಿ ಪಾಲು ಕೇಳುತ್ತವೆ. ಆಗ ನಮ್ಮಲ್ಲಿ ಅನೇಕರ ಕೈ ಹೋಗುವುದು ಹತ್ತಿಗೋ ಮೆಣಸಿನಕಾಯಿಗೋ ಹೊಡೆದು ಮೂಲೆಯಲ್ಲಿಟ್ಟ ಔಷಧಿಯ ಡಬ್ಬಿಯ ಕಡೆಗೆ. ಕಾಳಿನ ಡ್ರಮ್ಮಿಗೆ ಅಂಗಡಿಯಿಂದ ತಂದ ಎರಡು ಮಾತ್ರೆ ಬೀಳುತ್ತವೆ. ಈ ರೂಢಿಯನ್ನು ನಾವು ಪೂರ್ತಿಯಾಗಿ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಸರಳವಾಗಿದೆ. ಮಾರುಕಟ್ಟೆಯ ಬೆಳೆಗೆ ಸಿಂಪಡಿಸುವ ದಿನ ಬೇರೆ, ಕೊಯ್ಯುವ ದಿನ ಬೇರೆ. ಸಿಂಪರಣೆಯಾದ ಮೇಲೆ ಇಷ್ಟು ದಿನ ಕಾಯಬೇಕೆಂದು ಔಷಧಿಯ ಜೊತೆಗಿರುವ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ. ಹಿತ್ತಲಲ್ಲಾದರೋ ಕೊಯ್ಲು ಪ್ರತಿನಿತ್ಯ. ಇಂದು ಸಂಜೆ ಸಿಂಪಡಿಸಿದ ಸೊಪ್ಪನ್ನು ನಾಳೆ ಮನೆಯ ಹೆಣ್ಣುಮಗಳು ಸಾರಿಗೆ ಕಿತ್ತುಕೊಂಡು ಬರುತ್ತಾಳೆ. ಹೀಗಿರುವಾಗ ಕಾಯುವ ದಿನಗಳ ನಿಯಮವನ್ನು ಪಾಲಿಸುವುದಾದರೂ ಹೇಗೆ?

ಚಳಿಗಾಲದ ಕೈತೋಟವನ್ನು ವಿಷವಿಲ್ಲದೆ ಕಾಪಾಡಬಹುದು. ಇಬ್ಬನಿಯಿಂದ ಎಲೆಗಳು ಹೊತ್ತೇರುವವರೆಗೂ ಒದ್ದೆಯಾಗಿರುತ್ತವೆ. ಟೊಮೆಟೊ ಗಿಡಕ್ಕೆ ಅಂಗಮಾರಿ ರೋಗ ತಗಲುವುದು ಇಂಥ ತೇವದಲ್ಲೇ. ಆದ್ದರಿಂದ ಸಂಜೆ ನೀರು ಚಿಮುಕಿಸದೆ, ಬೆಳಿಗ್ಗೆ ಬುಡಕ್ಕೆ ಮಾತ್ರ ಕೊಡಿ. ರೋಗ ತಗುಲಿದ ಕೆಳಗಿನ ಎಲೆಗಳನ್ನು ಕಿತ್ತು ಹೂಳಿರಿ. ಅವರೆಯ ಕುಡಿಯಲ್ಲಿ ಹೇನು ಮುತ್ತಿದ್ದರೆ ಆ ಕುಡಿಯನ್ನೇ ಚಿವುಟಿ ತೆಗೆಯಿರಿ. ಕೋಸಿನ ಮಡಿಯ ಬದಿಗೆ ಒಂದು ಸಾಲು ಸಾಸಿವೆ ಹಾಕಿದರೆ ವಜ್ರಬೆನ್ನಿನ ಪತಂಗ ಅದರತ್ತ ಸೆಳೆಯಲ್ಪಡುತ್ತದೆ. ಹಾವಳಿ ಹೆಚ್ಚಾದಾಗ ಬೇವಿನ ಬೀಜದ ಕಷಾಯ ಇದೆ. ಅರ್ಧ ಕಿಲೋ ಬೀಜದ ತಿರುಳನ್ನು ಕುಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಿ.

ಇನ್ನು ಕಣಜದ ವಿಷಯ. ದ್ವಿದಳ ಕಾಳುಗಳನ್ನು ಕೊರೆಯುವ ಹುಳು ಮನೆಯಲ್ಲೇ ಹುಟ್ಟುವುದಲ್ಲ. ಹೊಲದಲ್ಲಿ ಕಾಯಿ ಬಲಿಯುವಾಗಲೇ ಮೊಟ್ಟೆಯಿಟ್ಟು ಕಾಳಿನೊಂದಿಗೆ ಬರುತ್ತದೆ. ಹಳೆಯ ಚೀಲ, ವಾಡೆಗಳಲ್ಲಿ ಉಳಿದ ಹುಳುಗಳೂ ಅದಕ್ಕೆ ಸೇರಿಕೊಳ್ಳುತ್ತವೆ. ಆದುದರಿಂದ ಒಣಗಿಸುವುದು ಮತ್ತು ಶುಚಿ, ಇವೆರಡೇ ಮೊದಲ ಔಷಧಿ. ಧಾನ್ಯದಲ್ಲಿ ತೇವಾಂಶ ಶೇಕಡ 12, ಕಾಳುಗಳಲ್ಲಿ ಶೇಕಡ 10ನ್ನು ಮೀರಬಾರದು. ಹಲ್ಲಿನಲ್ಲಿ ಕಚ್ಚಿದರೆ ಕಾಳು ಕಟಕ್ಕನೆ ಒಡೆಯಬೇಕು. ಹಗಲು ಒಣಗಿದ್ದು ರಾತ್ರಿಯ ಇಬ್ಬನಿಗೆ ಮತ್ತೆ ತೇವ ಹೀರದಂತೆ ಹೊದಿಸಿಡಿ. ಬಿಸಿಲ ಕಾವು ಆರಿದ ಮೇಲೆಯೇ ತುಂಬಿ. ಹಳೆಯ ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ.

ಊಟದ ಕಾಳಿಗೆ ಕಿಲೋಗೆ 5ರಿಂದ 10 ಮಿ.ಲೀ. ಅಡಿಗೆ ಎಣ್ಣೆಯನ್ನು ಚೆನ್ನಾಗಿ ಸವರಿದರೆ ಹುಳುವಿನ ಮೊಟ್ಟೆಗಳು ನಾಶವಾಗುತ್ತವೆ. ನಮ್ಮ ಹಿರಿಯರು ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದುದೂ ಅರ್ಥವಿಲ್ಲದ ಆಚಾರವಲ್ಲ. ಬೇಳೆ ಮಾಡಿಟ್ಟರೂ ಈ ಹುಳುವಿನ ಕಾಟ ಕಡಿಮೆ. ಆದರೆ ಸರಿಯಾಗಿ ಒಣಗದ ಕಾಳಿಗೆ ಬೇವಿನ ಸೊಪ್ಪು ಹಾಕಿ ನೆಮ್ಮದಿಯಾಗಿರುವುದು ಸರಿಯಲ್ಲ.

ಮಾತ್ರೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. 3 ಗ್ರಾಂ ತೂಕದ ಒಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಗುಲಿದಾಗ ಸುಮಾರು 1 ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. ಈ ಅನಿಲಕ್ಕೆ ಪ್ರತ್ಯೌಷಧವಿಲ್ಲ. ಮುಚ್ಚಳ ಬಿಗಿಯಿಲ್ಲದ ಡ್ರಮ್ಮಿನಿಂದ ಸೋರಿ, ಅದೇ ಕೋಣೆಯಲ್ಲಿ ಮಲಗಿದ ಮಕ್ಕಳ ಪ್ರಾಣವನ್ನೇ ತೆಗೆಯಬಲ್ಲದು. ಇದರ 10 ಮತ್ತು 20 ಮಾತ್ರೆಗಳ ಕೊಳವೆಗಳನ್ನು 2001ರಲ್ಲಿ ಸರ್ಕಾರ ನಿಷೇಧಿಸಿತು. ಇದರ ಬಳಕೆ ತರಬೇತಿ ಪಡೆದವರ ಕೆಲಸವೇ ಹೊರತು ಮನೆಯ ಕೆಲಸವಲ್ಲ. ಅಂಗಡಿಯವರು ಬಿಡಿಯಾಗಿ ಕೊಟ್ಟರೂ ಕೊಳ್ಳಬೇಡಿ.

"ಎಣ್ಣೆ ಸವರಿ, ಹುಳು ಆರಿಸಿ ಕೂರುವಷ್ಟು ಪುರುಸೊತ್ತು ಯಾರಿಗಿದೆ?" ಎಂದು ಕೆಲವರು ಕೇಳಬಹುದು. ಮಾರಾಟದ ದಾಸ್ತಾನು ಹೆಚ್ಚಿದ್ದರೆ ಉಗ್ರಾಣಕ್ಕೆ ಕಳುಹಿಸಿ. ಮನೆಬಳಕೆಯ ಒಂದು ಕ್ವಿಂಟಲ್ ಕಾಳಿಗೆ ಎಣ್ಣೆ ಸವರುವುದು ನಾಲ್ಕು ಕೈ ಸೇರಿದರೆ ಒಂದು ಮಧ್ಯಾಹ್ನದ ಕೆಲಸ. ಹಿತ್ತಲು, ಕಣಜಗಳು ಹೆಂಗಸರ ಪಾಲಿನ ಸಣ್ಣ ಕೆಲಸವೆಂದು ಗಂಡಸರು ಕೈತೊಳೆದುಕೊಂಡಿರುವುದೇ ನಿಜವಾದ ತೊಡಕು. ಪುರುಸೊತ್ತಿಲ್ಲದ ಕೈ ಸುಲಭದ ವಿಷವನ್ನು ಹುಡುಕುತ್ತದೆ. ಒಣಗಿಸುವ, ಚೀಲ ಕುದಿಸುವ ಕೆಲಸಕ್ಕೆ ಗಂಡಸರೂ ಹೆಗಲು ಕೊಡಲಿ. ಗ್ರಾಮಗಳಲ್ಲಿ ನಡೆಯುವ ಬೆಳೆ ಸಂರಕ್ಷಣೆಯ ತರಬೇತಿಗೆ ಮನೆಯೊಡತಿಯನ್ನೂ ಕರೆಯಲಿ.

ಸುಗ್ಗಿ ಮುಗಿಯುವ ಮುನ್ನ ಪ್ರತಿಯೊಬ್ಬ ರೈತರೂ ಅಡಿಗೆಮನೆ, ಅಟ್ಟ, ಕಣಜಗಳನ್ನು ಒಮ್ಮೆ ನೋಡಲಿ. ಅಲ್ಲಿ ಹೊಲದ ಔಷಧಿಯ ಡಬ್ಬಿಯಿದ್ದರೆ ಇಂದೇ ಅದನ್ನು ಹೊರಗಿನ ಬೀಗವಿರುವ ಜಾಗಕ್ಕೆ ಸಾಗಿಸಲಿ.