ಮಿರರ್‌ಲೆಸ್ ಬೇಕು ಅನ್ನುವವರು ಅದರ ದುಡ್ಡನ್ನೂ ಕೊಡಲಿ

ಬನಶಂಕರಿ ಜಾತ್ರೆಗೆ ಇನ್ನೂ ತಿಂಗಳಿರುವಾಗ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಪ್ರಕಟಣೆ ಬಂತು. ತಾಲ್ಲೂಕು ಮಟ್ಟದ ಬಿಡಿ ಸುದ್ದಿಗಾರರು ಬೇಕಾಗಿದ್ದಾರೆ. ಪದವಿ ಇರಬೇಕು, ಸ್ವಂತ ಬೈಕ್ ಇರಬೇಕು, ಲ್ಯಾಪ್‌ಟಾಪ್ ಇರಬೇಕು. ಕೊನೆಗೆ ಒಂದು ಸಾಲು: "ಮಿರರ್‌ಲೆಸ್ ಕ್ಯಾಮೆರಾ ಹೊಂದಿರುವವರಿಗೆ ಆದ್ಯತೆ." ಸಂಬಳದ ಜಾಗದಲ್ಲಿ ಬರೆದದ್ದು, "ಪ್ರಕಟವಾದ ಸುದ್ದಿ, ಫೋಟೊಗಳಿಗೆ ತಕ್ಕಂತೆ ಗೌರವಧನ."

ಹುನಗುಂದ ಕಡೆಯ ನಮ್ಮ ಗೆಳೆಯನೊಬ್ಬ ಅದನ್ನು ಓದಿ ಗುಂಪಿನಲ್ಲಿ ಕೇಳಿದ: "ನನ್ನ ಡಿ7200 ಮಾರಿ, ಮ್ಯಾಲೆ ಸಾಲ ಮಾಡಿ ಹೊಸಾದು ತಗೊಳ್ಳಲೇನ್ರಪಾ?" ಅರ್ಧ ತಾಸಿನಲ್ಲಿ ಹನ್ನೊಂದು ಜನ ಉತ್ತರ ಕೊಟ್ಟೆವು. ಒಂಬತ್ತು ಜನ "ತಗೋ" ಅಂದೆವು. ಆ ಒಂಬತ್ತು ಜನರಲ್ಲಿ ಈ ಬರಹ ಬರೆಯುತ್ತಿರುವ ನಾವೂ ಇದ್ದೆವು. ಯಾರೂ ಲೆಕ್ಕ ಹಾಕಿರಲಿಲ್ಲ, ಯಾರೂ ಎರಡೂ ಕ್ಯಾಮೆರಾಗಳನ್ನು ಒಟ್ಟಿಗೆ ಹಿಡಿದು ನೋಡಿರಲಿಲ್ಲ. ಸಾಲ ಮಾಡುವವನು ಅವನು, ಸಲಹೆ ಕೊಡುವವರು ನಾವು. ಆ ಸಲಹೆಯನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇವೆ. ಕಾರಣ ಹೇಳುವುದು ನಮ್ಮ ಜವಾಬ್ದಾರಿ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇರುತ್ತದೆ. ಬೆಳಕು ಅದಕ್ಕೆ ಬಡಿದು ಮೇಲಕ್ಕೆ ಹೋಗಿ ನಮ್ಮ ಕಣ್ಣಿಗೆ ತಲುಪುತ್ತದೆ. ಕ್ಲಿಕ್ ಮಾಡಿದಾಗ ಆ ಕನ್ನಡಿ ಮೇಲೆದ್ದು ಸೆನ್ಸರ್‌ಗೆ ದಾರಿ ಬಿಡುತ್ತದೆ. ನಾವು ಕೇಳುವ "ಖಟಕ್" ಸದ್ದಿನಲ್ಲಿ ದೊಡ್ಡ ಪಾಲು ಅದರದ್ದೇ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ. ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತದೆ, ನಾವು ಕಣ್ಣಿಟ್ಟು ನೋಡುವುದು ಒಂದು ಪುಟ್ಟ ಪರದೆಯನ್ನು. ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಪ್ಯಾನಸಾನಿಕ್ ಜಿ1 ಬಂದದ್ದು 2008ರಲ್ಲಿ. ಅದೇ ವರ್ಷ ನಿಕಾನ್ ಡಿ90 ಬಂತು, ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಅದು. ಸೋನಿ 2013ರಲ್ಲಿ ಫುಲ್‌ಫ್ರೇಮ್ ಮಿರರ್‌ಲೆಸ್ ತಂದಿತು. ನಿಕಾನ್, ಕೆನಾನ್ 2018ರಲ್ಲಿ ಆ ದಾರಿ ಹಿಡಿದವು.

ಬನದ ಹುಣ್ಣಿಮೆಗೆ ನಾವು ನಾಲ್ವರು ಬಾದಾಮಿಗೆ ಹೋದೆವು. ಗೆಳೆಯನ ಡಿ7200 ಜೊತೆಗಿತ್ತು. ಪರಿಚಯದ ಸ್ಟುಡಿಯೊದವರೊಬ್ಬರು ಒಂದು ದಿನದ ಮಟ್ಟಿಗೆ ತಮ್ಮ ನಿಕಾನ್ ಝಡ್50 ಕೊಟ್ಟರು. ಕೊಡುವಾಗ ಹೇಳಿದ್ದು: "ತಮ್ಮಾ, ಇದು ಇಲ್ಲಂದ್ರ ಮದವಿ ಆರ್ಡರ್ ಸಿಗಂಗಿಲ್ಲ. ಫೋಟೊ ಹೆಂಗ ಬರ್ತೈತಿ ಅಂತ ಯಾರೂ ಕೇಳಂಗಿಲ್ಲ, ಮಿರರ್‌ಲೆಸ್ ಐತೇನು ಅಂತ ಕೇಳ್ತಾರ." ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡಿ7200 ಬಂದದ್ದು 2015ರಲ್ಲಿ, ಝಡ್50 ಬಂದದ್ದು 2019ರಲ್ಲಿ. ಹಳೆಯದರಲ್ಲಿ 24.2 ಮೆಗಾಪಿಕ್ಸೆಲ್, ಹೊಸದರಲ್ಲಿ 20.9. ಹೌದು, ಹೊಸದರಲ್ಲೇ ಕಡಿಮೆ. ಇದರಿಂದ ಝಡ್50 ಕೆಟ್ಟದ್ದು ಅಂತ ಅರ್ಥವಲ್ಲ. "ಹೊಸದು ಅಂದ್ರೆ ಫೋಟೊ ಇನ್ನೂ ಕ್ಲಿಯರ್" ಅನ್ನುವ ನಮ್ಮ ಮಾತಿಗೆ ಬುಡವಿಲ್ಲ ಅಂತ ಅರ್ಥ, ಅಷ್ಟೇ.

ಪತ್ರಿಕೆಯಲ್ಲಿ ನಾಲ್ಕು ಕಾಲಂ ಫೋಟೊ ಬಂದರೆ ನಮಗೆ ಹಬ್ಬ. ಅದರ ಅಗಲ ಸುಮಾರು 16 ಸೆಂಟಿಮೀಟರ್. ಪತ್ರಿಕೆಯ ಕಾಗದಕ್ಕೆ ಒಂದು ಇಂಚಿಗೆ 200 ಪಿಕ್ಸೆಲ್ ಇದ್ದರೆ ಧಾರಾಳ. ಗುಣಿಸಿ ನೋಡಿ: ಅಗಲಕ್ಕೆ 1260, ಎತ್ತರಕ್ಕೆ 840, ಒಟ್ಟು ಹತ್ತೂವರೆ ಲಕ್ಷ ಪಿಕ್ಸೆಲ್. ಡಿ7200 ಕೊಡುವುದು 6000 ಗುಣಿಸು 4000, ಅಂದರೆ 2 ಕೋಟಿ 40 ಲಕ್ಷ. ಇಪ್ಪತ್ತೆರಡರಲ್ಲಿ ಒಂದು ಪಾಲೂ ಅಚ್ಚಿಗೆ ಹೋಗುವುದಿಲ್ಲ. ಅದರ ಮೇಲೆ ನಾವು ಫೋಟೊ ಕಳಿಸುವುದು ವಾಟ್ಸಾಪ್‌ನಲ್ಲಿ. ಡಾಕ್ಯುಮೆಂಟ್ ಆಗಿ ಕಳಿಸದಿದ್ದರೆ ಅದು ಕುಗ್ಗಿಸಿಯೇ ದಾಟಿಸುತ್ತದೆ. ಕೆರೆಯ ನೀರನ್ನು ತಂಬಿಗೆಯಲ್ಲಿ ಒಯ್ಯುವವರು ನಾವು, ನಮಗೆ ಇನ್ನೊಂದು ಕೆರೆ ಮಾರುತ್ತಿದ್ದಾರೆ.

ಸಂಜೆ ತೇರು ಹೊರಟಾಗ ಎರಡರಲ್ಲೂ ತೆಗೆದೆವು. ಜನ ಎಸೆದ ಉತ್ತತ್ತಿ ಗಾಳಿಯಲ್ಲಿರುವ ಕ್ಷಣ ಎರಡರಲ್ಲೂ ಸಿಕ್ಕಿತು. ಮರುದಿನ ಆರಾರು ಫೋಟೊಗಳನ್ನು ಹೆಸರಿಲ್ಲದೆ, ಬರಿಯ ಅಂಕಿ ಹಾಕಿ, ಪುಟ ವಿನ್ಯಾಸ ಮಾಡುವ ನಮ್ಮ ಹಳೆಯ ಸಹಪಾಠಿಗೆ ಕಳಿಸಿದೆವು. "ಮಿರರ್‌ಲೆಸ್‌ನವು ಯಾವುವು, ಗುರುತಿಸಪ್ಪಾ." ನಾಲ್ಕು ಆರಿಸಿದ, ಅವುಗಳಲ್ಲಿ ಮೂರು ಡಿ7200ದವು. ನಮ್ಮನ್ನು ಬೈದು ಫೋನ್ ಇಟ್ಟ.

ಇನ್ನು ಬ್ಯಾಟರಿ. ಕ್ಯಾಮೆರಾ ಉದ್ಯಮದ ಸಂಘದ ಪರೀಕ್ಷೆಯ ಪ್ರಕಾರ ಡಿ7200 ಒಂದು ಚಾರ್ಜಿಗೆ 1110 ಫೋಟೊ ತೆಗೆಯುತ್ತದೆ. ಝಡ್50 ಸುಮಾರು 300. ನಿಜವಾದ ಕೆಲಸದಲ್ಲಿ ಎರಡೂ ಇದಕ್ಕಿಂತ ಹೆಚ್ಚು ಬರುತ್ತವೆ, ಆದರೆ ಅಂತರ ಹಾಗೇ ಉಳಿಯುತ್ತದೆ. ಪರದೆ, ಸೆನ್ಸರ್ ಸದಾ ಉರಿಯುತ್ತಿದ್ದರೆ ವಿದ್ಯುತ್ ಬೇಕೇ ಬೇಕು. ಬೆಳಿಗ್ಗೆ ಹೊರಟ ಡಿ7200 ರಾತ್ರಿ ನಾಟಕ ಮುಗಿಯುವವರೆಗೂ ಒಂದೇ ಬ್ಯಾಟರಿಯಲ್ಲಿ ನಡೆಯಿತು. ಝಡ್50ಗೆ ಮಧ್ಯಾಹ್ನವೇ ಎರಡನೆಯ ಬ್ಯಾಟರಿ ಹಾಕಿದೆವು, ಸಂಜೆ ಚಹಾದಂಗಡಿಯವರ ಕೈಕಾಲು ಹಿಡಿದು ಚಾರ್ಜಿಗಿಟ್ಟೆವು. ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗದ ಊರುಗಳಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ದೂಳೂ ಹಾಗೆಯೇ. ಝಡ್50ಯಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಎದುರಿಗೇ ತೆರೆದಿರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಅದರ ಮುಂದೆ ಕನ್ನಡಿ, ಶಟರ್ ಎರಡೂ ಅಡ್ಡ ನಿಂತಿರುತ್ತವೆ. ಜಾತ್ರೆಯ ದೂಳಿನಲ್ಲಿ ನಾವು ಅಂಗಿಯೊಳಗೆ ಕ್ಯಾಮೆರಾ ಮುಚ್ಚಿಕೊಂಡು ಲೆನ್ಸ್ ಬದಲಿಸಿದೆವು.

ಲೆನ್ಸಿನ ಮಾತೂ ಇದೆ. ನಿಕಾನ್‌ನ ಹಳೆಯ ಲೆನ್ಸ್ ಜೋಡಣೆ 1959ರಿಂದ ಬಂದದ್ದು. ಆ ಸಾಲಿನ 50 ಎಂಎಂ ಎಫ್1.8ಡಿ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ, ನಮ್ಮಲ್ಲಿ ಹಲವರ ಬಳಿ ಅದೇ ಇದೆ. ಅದಕ್ಕೆ ಸ್ವಂತ ಮೋಟಾರಿಲ್ಲ. ಡಿ7200 ತನ್ನೊಳಗಿನ ಮೋಟಾರಿನಿಂದ ಅದನ್ನು ಫೋಕಸ್ ಮಾಡಿಸುತ್ತದೆ. ಅದನ್ನೇ ನಿಕಾನ್‌ನ ಅಡಾಪ್ಟರ್ ಹಾಕಿ ಝಡ್50ಗೆ ಕೂರಿಸಿದರೆ ಆಟೊಫೋಕಸ್ ಇರುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. "ಹಳೇ ಲೆನ್ಸ್ ಎಲ್ಲಾ ನಡೀತಾವ" ಅಂತ ಅಂಗಡಿಯವರು ಹೇಳುವಾಗ ಈ ಮಾತು ಹೇಳುವುದಿಲ್ಲ.

ಹಾಗಾದರೆ ಮಿರರ್‌ಲೆಸ್ ಬರೀ ಮೋಸವೇ? ಅಲ್ಲ. ಹಾಗೆ ಬರೆದರೆ ನಾವೂ ಆ ಒಂಬತ್ತು ಜನರಂತೆಯೇ ಆಗುತ್ತೇವೆ.

ರಾತ್ರಿ ನಾಟಕ ಕಂಪನಿಯ ಟೆಂಟಿನಲ್ಲಿ ಝಡ್50 ಗೆದ್ದಿತು. ಫೋಟೊ ಎಷ್ಟು ಬೆಳಕಿನಲ್ಲಿ ಬರುತ್ತದೆಂದು ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಮುಖ, ಕಣ್ಣು ಹುಡುಕಿ ತಾನೇ ಫೋಕಸ್ ಹಿಡಿಯುತ್ತದೆ. ಸದ್ದಿಲ್ಲದೆ ತೆಗೆಯಬಹುದು. ಆದರೆ ಎಲ್‌ಇಡಿ ದೀಪಗಳ ಕೆಳಗೆ ಸದ್ದಿಲ್ಲದ ಶಟರ್ ಬಳಸಿದಾಗ ಕೆಲವು ಫೋಟೊಗಳ ಮೇಲೆ ಅಡ್ಡ ಪಟ್ಟೆಗಳು ಬಂದವು, ಮತ್ತೆ ಮಾಮೂಲಿ ಶಟರ್‌ಗೇ ಬಂದೆವು. ವಿಡಿಯೊದಲ್ಲಂತೂ ಪೈಪೋಟಿಯೇ ಇಲ್ಲ. ಡಿ7200 ವಿಡಿಯೊ ತೆಗೆಯುವಾಗ ಫೋಕಸಿಗಾಗಿ ಹಿಂದೆ ಮುಂದೆ ತಡಕಾಡುತ್ತದೆ. ಝಡ್50 ನಡೆದು ಬರುವ ಮನುಷ್ಯನನ್ನು ಬಿಡದೆ ಹಿಡಿಯುತ್ತದೆ, 4ಕೆ ವಿಡಿಯೊವನ್ನೂ ಕೊಡುತ್ತದೆ. ತೂಕ ಬ್ಯಾಟರಿ ಸಹಿತ 450 ಗ್ರಾಂ, ಡಿ7200 765 ಗ್ರಾಂ. ದಿನವಿಡೀ ಕುತ್ತಿಗೆಗೆ ತೂಗುಹಾಕಿಕೊಂಡವರಿಗೆ ಆ ವ್ಯತ್ಯಾಸ ಗೊತ್ತು.

ಸದ್ದಿನ ವಿಷಯದಲ್ಲಿ ನಮ್ಮೊಳಗೇ ಜಗಳವಾಯಿತು. ಹಿಂದೊಮ್ಮೆ ನಮ್ಮ ಬಳಗದ ಗೆಳತಿ ಸಾಲದಿಂದ ಜೀವ ಕಳೆದುಕೊಂಡ ರೈತರೊಬ್ಬರ ಮನೆಗೆ ಹೋಗಿದ್ದಳು. ಒಂದು ಫೋಟೊ ತೆಗೆದಳು. ಆ ಖಟಕ್ ಸದ್ದಿಗೆ ಮೂಲೆಯಲ್ಲಿದ್ದ ತಾಯಿ ತಲೆಯೆತ್ತಿ ನೋಡಿ ಸೆರಗು ಮುಖಕ್ಕೆಳೆದುಕೊಂಡರು. ಇವಳು ಕ್ಯಾಮೆರಾ ಚೀಲಕ್ಕೆ ಹಾಕಿದಳು. "ಮಿರರ್‌ಲೆಸ್ ಇದ್ದಿದ್ರೆ ಫೋಟೊ ಸಿಗ್ತಿತ್ತು" ಅಂತ ನಮ್ಮಲ್ಲೊಬ್ಬ ಅಂದ. ಅವಳು ಹೇಳಿದ್ದು: "ಸದ್ದಾಗಿದ್ದಕ್ಕೇ ಆ ತಾಯಿಗೆ ಗೊತ್ತಾಯ್ತು, ಗೊತ್ತಾಗಿದ್ದಕ್ಕೇ ಬ್ಯಾಡ ಅಂದ್ರು." ಸದ್ದಿಲ್ಲದ ಕ್ಯಾಮೆರಾ ನಾಟಕದಲ್ಲಿ, ಸಭೆಯಲ್ಲಿ ಒಳ್ಳೆಯದು. ಕೇಳದೆ ತೆಗೆಯುವ ಧೈರ್ಯ ಅದರಿಂದ ಬರುವುದಾದರೆ ಒಳ್ಳೆಯದಲ್ಲ.

ಈಗ ದುಡ್ಡಿನ ಲೆಕ್ಕ. ಗೆಳೆಯ ವಿಚಾರಿಸಿದ ಹೊಸ ಮಿರರ್‌ಲೆಸ್ ಲೆನ್ಸ್ ಸೇರಿ 90,000 ರೂಪಾಯಿ. ನಮ್ಮಲ್ಲಿ ಬಿಡಿ ಸುದ್ದಿಗಾರರಾಗಿರುವವರಿಗೆ ಪ್ರಕಟವಾದ ಒಂದು ಫೋಟೊಗೆ ಸಿಕ್ಕಿದ್ದು ಹೆಚ್ಚೆಂದರೆ 150 ರೂಪಾಯಿ. ಎಷ್ಟೋ ಸಲ ಅದೂ ಇಲ್ಲ. 600 ಫೋಟೊ ಪ್ರಕಟವಾದರೆ ಕ್ಯಾಮೆರಾದ ಅಸಲು ಹುಟ್ಟುತ್ತದೆ. ವಾರಕ್ಕೆ ಮೂರು ಬಂದರೂ ಸುಮಾರು ನಾಲ್ಕು ವರ್ಷ. ಬಡ್ಡಿ ಬೇರೆ, ಪೆಟ್ರೋಲ್ ಬೇರೆ. ಇಎಂಐ ಕಟ್ಟಲು ಅವನು ಏನು ಮಾಡಬೇಕು? ಮದುವೆಗಳ ಹಿಂದೆ ಓಡಬೇಕು. ಮೇ ತಿಂಗಳಲ್ಲಿ ಹಳ್ಳಿಯ ಬೋರ್‌ವೆಲ್ ಬತ್ತಿದ ಸುದ್ದಿಗೆ ಹೋಗಬೇಕಾದವನು ಕಲ್ಯಾಣಮಂಟಪದಲ್ಲಿರುತ್ತಾನೆ. ಸ್ಟುಡಿಯೊದವರ ಮಾತು ನೆನಪಿದೆಯಲ್ಲ? ಮಿರರ್‌ಲೆಸ್ ಅವರಿಗೆ ಬೇಕು, ಅವರ ಗಿರಾಕಿ ಕೇಳುತ್ತಾನೆ, ದುಡ್ಡೂ ಕೊಡುತ್ತಾನೆ. ನಮ್ಮ ಗಿರಾಕಿ ಕೇಳುತ್ತಾನೆ, ದುಡ್ಡು ಕೊಡುವುದಿಲ್ಲ. ವ್ಯತ್ಯಾಸ ಇಷ್ಟೇ.

"ಡಿಎಸ್‌ಎಲ್‌ಆರ್ ಕಾಲ ಮುಗೀತು, ಕಂಪನಿಗಳೇ ಬಿಟ್ಟವು" ಅನ್ನುವ ವಾದ ಗೊತ್ತು. ನಿಜ, 2020ರ ನಂತರ ನಿಕಾನ್, ಕೆನಾನ್ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಮುಂದೊಂದು ದಿನ ಬಿಡಿಭಾಗ ಸಿಗುವುದು ಕಷ್ಟವಾಗುತ್ತದೆ. ಕಂಪನಿ ಹೊಸದನ್ನು ಮಾಡದಿದ್ದರೆ ಕೈಯಲ್ಲಿರುವುದು ಅಂದೇ ಕೆಡುತ್ತದೆಯೇ? ಡಿ7200ದ ಶಟರ್ ಒಂದೂವರೆ ಲಕ್ಷ ಕ್ಲಿಕ್‌ಗಳವರೆಗೆ ಪರೀಕ್ಷೆಗೊಳಗಾದದ್ದು. ಗೆಳೆಯನದು ಇನ್ನೂ ಅರ್ಧ ದಾಟಿಲ್ಲ. ಅಸೋಸಿಯೇಟೆಡ್ ಪ್ರೆಸ್ ಕೂಡ 2020ರಲ್ಲಿ ಸೋನಿ ಮಿರರ್‌ಲೆಸ್‌ಗೆ ಬದಲಾಯಿತು ಅನ್ನುತ್ತೀರಿ. ಬದಲಾಯಿತು, ತನ್ನ ಛಾಯಾಗ್ರಾಹಕರಿಗೆ ಕ್ಯಾಮೆರಾಗಳನ್ನು ಸಂಸ್ಥೆಯೇ ಒದಗಿಸಿತು. ಅದನ್ನೂ ಸೇರಿಸಿ ಹೇಳಿ.

ಆದ್ದರಿಂದ ನಮ್ಮ ಮಾತು ಮೂರು ಕಡೆಗೆ.

ಪತ್ರಿಕೆ, ಚಾನೆಲ್‌ಗಳವರಿಗೆ: ಇಂಥದ್ದೇ ಕ್ಯಾಮೆರಾ ಬೇಕು ಅಂದರೆ ನೀವೇ ಕೊಡಿ, ಇಲ್ಲವೇ ತಿಂಗಳ ಬಾಡಿಗೆ ಕೊಡಿ. ಎರಡೂ ಆಗದಿದ್ದರೆ ಆ ಸಾಲನ್ನು ಪ್ರಕಟಣೆಯಿಂದ ತೆಗೆಯಿರಿ. ಅರ್ಜಿದಾರನ ಫೋಟೊ ನೋಡಿ, ಬಿಲ್ಲು ನೋಡಬೇಡಿ.

ನಮಗೆ ಕಲಿಸಿದವರಿಗೆ: ಹೊಸ ಬ್ಯಾಚ್‌ನ ಮಕ್ಕಳಿಗೆ "ಯಾವ ಕ್ಯಾಮೆರಾ ಕೊಳ್ಳಬೇಕು" ಎಂಬುದಕ್ಕಿಂತ ಮೊದಲು ಒಂದು ಫೋಟೊಗೆ ಎಷ್ಟು ಸಿಗುತ್ತದೆ ಎಂಬುದನ್ನು ಹೇಳಿ.

ನಮಗೆ ನಾವೇ: ನಿಮ್ಮ ದುಡಿಮೆ ವಿಡಿಯೊದ ಮೇಲೆ ನಿಂತಿದ್ದರೆ, ಮದುವೆ ಆರ್ಡರ್ ಕೈಯಲ್ಲಿದ್ದರೆ ಮಿರರ್‌ಲೆಸ್ ಕೊಳ್ಳಿ, ತಪ್ಪಲ್ಲ. ಪತ್ರಿಕೆಯ ಫೋಟೊಗಾದರೆ ಕೈಯಲ್ಲಿರುವುದನ್ನು ಮಾರಬೇಡಿ. ಇನ್ನೊಂದು ಬ್ಯಾಟರಿ ಕೊಳ್ಳಿ, ಸೆನ್ಸರ್ ಸ್ವಚ್ಛ ಮಾಡಿಸಿ, ಉಳಿದ ದುಡ್ಡಿನಲ್ಲಿ ಬಸ್ಸು ಹತ್ತಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಶಟರ್ ಎಷ್ಟು ಸಲ ಓಡಿದೆ ಅಂತ ನೋಡದೆ ದುಡ್ಡು ಕೊಡಬೇಡಿ.

ಗೆಳೆಯ ಕ್ಯಾಮೆರಾ ಮಾರಲಿಲ್ಲ. ಅರ್ಜಿ ಹಾಕಿದ, ಕ್ಯಾಮೆರಾ ಎಂಬ ಜಾಗದಲ್ಲಿ "ನಿಕಾನ್ ಡಿ7200, ಸುಸ್ಥಿತಿಯಲ್ಲಿದೆ" ಅಂತ ಬರೆದ. ಉತ್ತರ ಬಂದಿಲ್ಲ. ಅವನು ತೆಗೆದ ತೇರಿನ ಫೋಟೊ ಬೇರೊಂದು ಪತ್ರಿಕೆಯಲ್ಲಿ ನಾಲ್ಕು ಕಾಲಂ ಬಂತು. ಗೌರವಧನ ಇನ್ನೂ ಬರಬೇಕು.