ಕರುಗಳು ತಾಯಿಯ ಬಳಿ ಸೇರಿದವೇ?



ಮನೆಮಂದಿಯ ಈ ಪುಟದಲ್ಲಿ ನಾವು ಇದುವರೆಗೆ ಮಕ್ಕಳ ವಿದ್ಯಾಭ್ಯಾಸ, ಮದುವೆಯ ದುಂದುವೆಚ್ಚ, ಹಿರಿಯರ ಆರೈಕೆ ಮೊದಲಾದ ಮಾತುಗಳನ್ನು ಆಡುತ್ತ ಬಂದಿದ್ದೇವೆ. ಈ ತಿಂಗಳು ಕಾರ್ಟೂನಿನ ಬಾತುಕೋಳಿಗಳ ಮಾತು ಎಂದರೆ ಕೆಲವರಿಗೆ ನಗು ಬಂದೀತು. ಆದರೆ ಆ ಬಾತುಕೋಳಿಗಳೇ ನಮ್ಮ ಮನೆಯಲ್ಲಿ ಒಂದು ಸಣ್ಣ ಕಲಹಕ್ಕೆ ಕಾರಣವಾದವು. ಆ ಕಲಹದಿಂದ ನಮಗೆ ನಮ್ಮದೇ ಒಂದು ತಪ್ಪು ಕಣ್ಣಿಗೆ ಬಿದ್ದಿತು. ಆದ್ದರಿಂದ ಈ ಬರಹ.

ಕಳೆದ ದಸರೆಯ ರಜೆಯಲ್ಲಿ ಮಗ ಹೆಂಡತಿ ಮಕ್ಕಳೊಡನೆ ಊರಿಗೆ ಬಂದಿದ್ದ. ನಾಲ್ಕನೆಯ ತರಗತಿಯ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು 'ಡಕ್‌ಟೇಲ್ಸ್' ಎಂಬ ಕಾರ್ಟೂನನ್ನು ಮೈಮರೆತು ನೋಡುತ್ತಿದ್ದಳು. ಆ ಹೆಸರು ಕಿವಿಗೆ ಬಿದ್ದದ್ದೇ ಮಗ ಓಡಿಬಂದ. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಹಿಂದಿಯಲ್ಲಿ ಬರುತ್ತಿದ್ದ ಅದೇ ಕಥೆಯನ್ನು ನೋಡಲು, ಹಿಂದಿಯ ಗಂಧವಿಲ್ಲದ ಅವನು, ಸ್ನಾನ ತಿಂಡಿಗಳನ್ನು ಮರೆತು ಕೂಡುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ. ಆದರೆ ಪರದೆಯನ್ನು ನೋಡುತ್ತಲೇ ಅವನ ಮುಖ ಬಾಡಿತು. "ಇದು ನಮ್ಮ ಡಕ್‌ಟೇಲ್ಸ್ ಅಲ್ಲವೇ ಅಲ್ಲ. ಮುಖವೆಲ್ಲ ಮೂಲೆಮೂಲೆ, ದನಿಯೂ ಬೇರೆ. ಎಲ್ಲ ಹಾಳು ಮಾಡಿಟ್ಟಿದ್ದಾರೆ. ನೀನು ನೋಡುತ್ತಿರುವುದು ನಕಲಿ ಕಣವ್ವಾ" ಎಂದ. ಮಗು ಏನೂ ಹೇಳಲಿಲ್ಲ. ಟಿ.ವಿ. ಆರಿಸಿ ಎದ್ದುಹೋಯಿತು. ಅಂದು ಮಧ್ಯಾಹ್ನ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮಗನ ಈ ಸಿಟ್ಟು ಅವನೊಬ್ಬನದಲ್ಲ. ಬಾಲ್ಯದಲ್ಲಿ ಮೆಚ್ಚಿದ ಕಾರ್ಟೂನು ಪಾತ್ರ ಹೊಸ ರೂಪದಲ್ಲಿ ಮರಳಿ ಬಂದಾಗಲೆಲ್ಲ ಜಗತ್ತಿನ ನಾನಾ ಕಡೆ ಹೀಗೆಯೇ ಅಭಿಮಾನಿಗಳು ಕೆರಳುತ್ತಾರೆ. ಅಮೆರಿಕೆಯ ಕಾರ್ಟೂನು ಸಂಸ್ಥೆಗಳು ಹಳೆಯ ಪಾತ್ರಗಳನ್ನು ಹೊಸದಾಗಿ ರೂಪಿಸುವುದನ್ನು ಒಂದು ದೊಡ್ಡ ಉದ್ಯಮವನ್ನಾಗಿ ಮಾಡಿಕೊಂಡಿವೆ. ಆ ಸಿಟ್ಟಿನಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂದು ತೂಗಿ ನೋಡುವುದು ಉಚಿತ.

ಮೊದಲು ನ್ಯಾಯದ ಕಡೆ ನೋಡೋಣ. 'ಸೋನಿಕ್' ಎಂಬ ನೀಲಿ ಬಣ್ಣದ ಮುಳ್ಳುಹಂದಿ 1991ರಲ್ಲಿ ಜಪಾನಿನ ಸೆಗಾ ಸಂಸ್ಥೆಯ ವಿಡಿಯೋ ಆಟದಲ್ಲಿ ಹುಟ್ಟಿದ ಪಾತ್ರ; ಅನಂತರ ಕಾರ್ಟೂನುಗಳಲ್ಲಿಯೂ ಮನೆಮಾತಾಯಿತು. ಅದರ ಚಲನಚಿತ್ರದ ತುಣುಕು 2019ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದಾಗ ನೋಡಿದವರು ಬೆಚ್ಚಿಬಿದ್ದರು. ಮನುಷ್ಯರ ಹಲ್ಲು, ಚಿಕ್ಕ ಕಣ್ಣು, ಉದ್ದನೆಯ ಕಾಲು. ಮಕ್ಕಳು ಅಪ್ಪಿಕೊಳ್ಳುತ್ತಿದ್ದ ಪ್ರಾಣಿ ಹೆದರಿಸುವಂತಿತ್ತು. ಆಕ್ಷೇಪಣೆಗಳ ಮಳೆಯೇ ಸುರಿಯಿತು. ನಿರ್ದೇಶಕ ಜೆಫ್ ಫೌಲರ್ ಎರಡು ಮೂರು ದಿನಗಳಲ್ಲಿಯೇ, ನಿಮ್ಮ ಮಾತು ನಮಗೆ ಮುಟ್ಟಿದೆ, ರೂಪವನ್ನು ಬದಲಿಸುತ್ತೇವೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. 2019ರ ನವೆಂಬರಿನಲ್ಲಿ ತೆರೆಕಾಣಬೇಕಿದ್ದ ಚಿತ್ರ 2020ರ ಫೆಬ್ರವರಿಗೆ ಮುಂದೂಡಲ್ಪಟ್ಟಿತು. ಹೊಸ ರೂಪವನ್ನು ಜನ ಮೆಚ್ಚಿದರು, ಚಿತ್ರವೂ ಗೆದ್ದಿತು. ಪ್ರೇಕ್ಷಕರ ಮಾತನ್ನು ವಿನಯದಿಂದ ಕೇಳಿದ ನಿರ್ದೇಶಕರನ್ನು ನಾವು ಮೆಚ್ಚಲೇಬೇಕು.

ಇದಕ್ಕೂ ಹಿಂದೆ, 2005ರಲ್ಲಿ, ವಾರ್ನರ್ ಬ್ರದರ್ಸ್ ಸಂಸ್ಥೆ ತನ್ನ ಹೆಸರಾಂತ ಮೊಲ ಬಗ್ಸ್ ಬನ್ನಿ ಮತ್ತು ಅವನ ಗೆಳೆಯರ ವಂಶಸ್ಥರೆಂದು ಹೇಳಿ 'ಲೂನಾಟಿಕ್ಸ್' ಎಂಬ ಹೊಸ ಪಾತ್ರಗಳನ್ನು ಪ್ರಕಟಿಸಿತು. ಚೂಪು ಮುಖ, ಕ್ರೂರ ಕಣ್ಣು, ಕಪ್ಪು ಉಡುಪು. 1940ರಿಂದ ಜನರನ್ನು ನಗಿಸುತ್ತ ಬಂದ ಮೊಲದ ಮನೆತನಕ್ಕೆ ಆ ರೂಪ ಸಲ್ಲುವಂತಿರಲಿಲ್ಲ. ಒಕ್ಲಹೋಮ ರಾಜ್ಯದ ಹನ್ನೊಂದು ವರ್ಷದ ಬಾಲಕನೊಬ್ಬ ಇದನ್ನು ವಿರೋಧಿಸಿ ಸಹಿ ಸಂಗ್ರಹಕ್ಕೆ ಇಳಿದ. ಸಾವಿರಾರು ಜನ ಅವನ ಬೆನ್ನಿಗೆ ನಿಂತರು. ಸಂಸ್ಥೆ ಆ ಪಾತ್ರಗಳ ಉಗ್ರತೆಯನ್ನು ತಗ್ಗಿಸಿಯೇ ಅವನ್ನು ಪರದೆಗೆ ತಂದಿತು. ಮಕ್ಕಳಿಗಾಗಿ ಮಾಡಿದ ವಸ್ತುವಿನ ಬಗೆಗೆ ಮಗುವೊಂದು ಆಡಿದ ಮಾತು ನಡೆಯಿತು. ಇದು ಸಂತೋಷದ ಸಂಗತಿ.

ಆದರೆ ಅಭಿಮಾನಕ್ಕೆ ಇನ್ನೊಂದು ಮುಖವೂ ಉಂಟು. 'ಶೀ-ರಾ' ಎಂಬ ವೀರ ರಾಜಕುಮಾರಿಯ ಕಾರ್ಟೂನು ಮೊದಲು ಬಂದದ್ದು 1985ರಲ್ಲಿ. 2018ರಲ್ಲಿ ಅದನ್ನು ಹೊಸದಾಗಿ ರೂಪಿಸಿದವರು ಆಕೆಯನ್ನು ಹದಿಹರೆಯದ ಹುಡುಗಿಯಂತೆಯೇ ಚಿತ್ರಿಸಿದರು. ಚಿತ್ರಗಳು ಹೊರಬಿದ್ದ ಕೂಡಲೇ ಕೆಲವು ವಯಸ್ಕ ಗಂಡಸರು, ಮೊದಲಿನ ಚೆಲುವು ಹೋಯಿತು, ಮೈಮಾಟ ಹೋಯಿತು, ಹುಡುಗನಂತಾದಳು ಎಂದು ಹಲುಬತೊಡಗಿದರು. ಎಳೆಯ ಹುಡುಗಿಯರಿಗಾಗಿ ಮಾಡಿದ ಕಥೆ; ಅದರ ನಾಯಕಿಯೂ ಎಳೆಯ ಹುಡುಗಿ. ಆಕೆಯ ಮೈಮಾಟವನ್ನು ಅಳೆಯಲು ಈ ದೊಡ್ಡವರಿಗೆ ಅಧಿಕಾರ ಕೊಟ್ಟವರಾರು? ಹೆಣ್ಣನ್ನು ರೂಪದಿಂದ ಅಳೆಯಬಾರದು, ಅರಿವಿನಿಂದ ಅಳೆಯಬೇಕು ಎಂದು ಹನ್ನೆರಡನೆಯ ಶತಮಾನದಲ್ಲಿಯೇ ನಡೆದು ತೋರಿದ ಪರಂಪರೆಯ ನಮಗೆ ಈ ಹಲುಬಾಟ ಸಣ್ಣತನವೆಂದೇ ತೋರುತ್ತದೆ. ಅನೇಕ ಕಲಾವಿದರು ಹೊಸ ಶೀ-ರಾಳ ಚಿತ್ರಗಳನ್ನು ತಾವೂ ಬರೆದು ಪ್ರಕಟಿಸಿ ಉತ್ತರ ಕೊಟ್ಟರು. ಬೈಗುಳಕ್ಕೆ ಬೈಗುಳದಿಂದಲ್ಲ, ಕಾಯಕದಿಂದ ಉತ್ತರ ಕೊಟ್ಟರೆಂಬುದು ಗಮನಾರ್ಹ.

ಕಾಯಕದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಸೋನಿಕ್ ಚಿತ್ರಕ್ಕಾಗಿ ದುಡಿದ ಕೆನಡಾ ದೇಶದ ವ್ಯಾಂಕೂವರಿನ ಚಿತ್ರಕಾರ್ಯಾಗಾರವೊಂದು, ಚಿತ್ರ ಬಿಡುಗಡೆಯಾಗುವ ಮೊದಲೇ, 2019ರ ಡಿಸೆಂಬರಿನಲ್ಲಿ ಮುಚ್ಚಿತು. ಮಾರುಕಟ್ಟೆಯ ಒತ್ತಡವೇ ಕಾರಣವೆಂದು ಸಂಸ್ಥೆ ಹೇಳಿತು. ಅಭಿಮಾನಿಗಳ ಆಕ್ಷೇಪಣೆಯೇ ಇದಕ್ಕೆ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಪರದೆಯ ಮೇಲಿನ ಒಂದೊಂದು ರೋಮದ ಹಿಂದೆಯೂ ಯಾರೋ ನಿದ್ದೆಗೆಟ್ಟ ಕೈಗಳಿರುತ್ತವೆ; ಬೈಯುವಾಗ ಆ ಕೈಗಳ ನೆನಪು ನಮಗಿರಬೇಕು. ವಸ್ತುವನ್ನು ತಿದ್ದಲು ಹೇಳುವುದು ಹಕ್ಕು. ಮಾಡಿದವರನ್ನು ಹೀನಾಯವಾಗಿ ಕಾಣುವುದು ಹಕ್ಕಲ್ಲ.

ಈಗ ಮತ್ತೆ ನಮ್ಮ ಪಡಸಾಲೆಯ ಬಾತುಕೋಳಿಗಳ ಕಡೆಗೆ ಬರೋಣ. ಮಗ 'ಮೂಲ' ಎಂದು ಹೇಳುತ್ತಿದ್ದ ಡಕ್‌ಟೇಲ್ಸ್ ಮೊದಲು ಪ್ರಸಾರವಾದದ್ದು 1987ರಲ್ಲಿ. ಅದು ನಿಜವಾಗಿಯೂ ಮೂಲವೇ? ಕುತೂಹಲದಿಂದ ವಿಚಾರಿಸಿದಾಗ ನಮಗೆ ಬೇರೆಯ ಸಂಗತಿ ತಿಳಿಯಿತು. ಅದರಲ್ಲಿನ ಜಿಪುಣ ಶ್ರೀಮಂತ, ಅಂಕಲ್ ಸ್ಕ್ರೂಜ್, 1947ರಲ್ಲಿ ಕಾರ್ಲ್ ಬಾರ್ಕ್ಸ್ ಎಂಬ ಕಲಾವಿದರ ಕಾಮಿಕ್ಸ್ ಪುಸ್ತಕದಲ್ಲಿ ಹುಟ್ಟಿದವನು. ಮೂವರು ತುಂಟ ಸೋದರಳಿಯಂದಿರಾದ ಹ್ಯೂಯಿ, ಡ್ಯೂಯಿ, ಲೂಯಿ ಇನ್ನೂ ಹಳಬರು, 1937ರವರು. ಬಾರ್ಕ್ಸರ ಕಥೆಗಳಲ್ಲಿ ಈ ಹುಡುಗರೊಡನೆ ಸಾಹಸಕ್ಕೆ ಹೊರಡುತ್ತಿದ್ದವನು ಅವರ ಮಾವ ಡೊನಾಲ್ಡ್. 1987ರ ತಯಾರಕರು ಆ ಡೊನಾಲ್ಡನನ್ನು ನೌಕಾದಳಕ್ಕೆ ಕಳುಹಿಸಿ ಕಥೆಯಿಂದ ಬಹುಮಟ್ಟಿಗೆ ಹೊರಗಿಟ್ಟರು. ವಿಮಾನ ಹಾರಿಸುವ ಲಾಂಚ್‌ಪ್ಯಾಡ್, ಪುಟ್ಟ ಹುಡುಗಿ ವೆಬ್ಬಿ ಮೊದಲಾದ ಹೊಸಬರನ್ನು ತಂದು ಸೇರಿಸಿದರು. ಎಂದರೆ ನಮ್ಮ ಮಗನ 'ಮೂಲ'ವೂ ಒಂದು ಮರುಸೃಷ್ಟಿಯೇ. ಬಾರ್ಕ್ಸರ ಪುಸ್ತಕಗಳನ್ನು ಓದಿ ಬೆಳೆದವರು ಅದನ್ನೂ 'ಇದು ನಮ್ಮದಲ್ಲ' ಎನ್ನಬಹುದಿತ್ತು.

ಮೊಮ್ಮಗಳು ನೋಡುತ್ತಿದ್ದುದು 2017ರಿಂದ 2021ರವರೆಗೆ ಪ್ರಸಾರವಾದ ಹೊಸ ಸರಣಿ. ಮ್ಯಾಟ್ ಯಂಗ್‌ಬರ್ಗ್, ಫ್ರಾನ್ಸಿಸ್ಕೊ ಆಂಗೋನ್ಸ್ ಇದನ್ನು ರೂಪಿಸಿದವರು. ಇವರು ಡೊನಾಲ್ಡನನ್ನು ಮರಳಿ ಮನೆಗೆ ಕರೆತಂದರು. ಹಳೆಯ ಶೀರ್ಷಿಕೆಗೀತೆಯನ್ನು ಹೊಸ ಕಂಠದಲ್ಲಿ ಉಳಿಸಿಕೊಂಡರು. ಹಿಂದಿನ ಸರಣಿಯಲ್ಲಿ ಮೂವರು ಹುಡುಗರಿಗೂ ರಸ್ಸಿ ಟೇಲರ್ ಎಂಬ ಒಬ್ಬರೇ ಕಲಾವಿದೆ ದನಿ ಕೊಟ್ಟಿದ್ದರು. ಟೋಪಿಯ ಬಣ್ಣದಿಂದಲ್ಲದೆ ಅವರನ್ನು ಗುರುತಿಸುವುದು ಕಷ್ಟವಿತ್ತು. ಹೊಸದರಲ್ಲಿ ಮೂವರಿಗೂ ಬೇರೆ ಬೇರೆ ದನಿ, ಬೇರೆ ಬೇರೆ ಸ್ವಭಾವ: ಒಬ್ಬ ನಿಯಮ ಬಿಡದವನು, ಒಬ್ಬ ಮುನ್ನುಗ್ಗುವವನು, ಒಬ್ಬ ಉಪಾಯಗಾರ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆಯನ್ನು ನಮಗೆ ತಿಳಿಸಿದವಳು ಮೊಮ್ಮಗಳೇ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಹಿತ್ತಲಿನಲ್ಲಿ ಕುಳಿತಿದ್ದಾಗ ಬಳಿ ಬಂದು ಮೆಲ್ಲನೆ ಕೇಳಿದಳು: "ಅಜ್ಜಾ, ಆ ಮೂರು ಹುಡುಗರ ಅವ್ವ ಎಲ್ಲಿ ಅಂತ ಅಪ್ಪನ ಹಳೇ ಕಥೆಯಲ್ಲಿ ಇತ್ತಾ?" ಇಲ್ಲವೆಂದೆವು. "ಇದರಲ್ಲಿ ಇದೆ. ಅವರ ಅವ್ವ ಚಂದ್ರನ ಮೇಲೆ ಸಿಕ್ಕಿಹಾಕಿಕೊಂಡಿದ್ದಾಳೆ. ಒಬ್ಬಳೇ ಇದ್ದಾಳೆ. ವಾಪಸು ಬರುವುದಕ್ಕೆ ನೋಡುತ್ತಿದ್ದಾಳೆ. ಅಷ್ಟರಲ್ಲಿ ನಾನು ಟಿ.ವಿ. ಬಂದ್ ಮಾಡಿಬಿಟ್ಟೆ."

ನಮಗೆ ಮಾತೇ ಹೊರಡಲಿಲ್ಲ. ಆ ತಾಯಿಗೆ ಡೆಲ್ಲಾ ಎಂಬ ಹೆಸರು 1937ರಲ್ಲಿಯೇ ಇತ್ತು. ಆದರೆ ಎಂಟು ದಶಕಗಳ ಕಾಲ ಆಕೆ ಬಹುಮಟ್ಟಿಗೆ ಹೆಸರಾಗಿಯೇ ಉಳಿದಿದ್ದಳು. ಮಕ್ಕಳನ್ನು ಅವರ ಮಾವನ ಮನೆಗೆ ಬಿಟ್ಟ ತಾಯಿ ಎಲ್ಲಿ ಹೋದಳೆಂದು ಹೊಸ ತಯಾರಕರು ಕೇಳಿಕೊಂಡರು. 2018ರಲ್ಲಿ ಆಕೆ ಚಂದ್ರನ ಮೇಲಿರುವಳೆಂದು ತೋರಿಸಿ, 2019ರಲ್ಲಿ ಮಕ್ಕಳ ಬಳಿಗೆ ಮರಳಿಸಿದರು. ಹಳೆಯ ಅಭಿಮಾನಿಗಳೂ ಇದನ್ನು ಸಂತೋಷದಿಂದ ಬರಮಾಡಿಕೊಂಡರು. ಮರುಸೃಷ್ಟಿ ಎಂದರೆ ಹಳೆಯದರ ಮುಖಕ್ಕೆ ಬಣ್ಣ ಬಳಿಯುವುದಲ್ಲ. ಹಳೆಯದರಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯನ್ನು ಕೇಳುವುದು.

ಮಗನನ್ನು ಕರೆದು ಈ ಮಾತು ಹೇಳಿ ಬುದ್ಧಿ ಕಲಿಸಬೇಕೆಂದು ನಾವು ಎದ್ದೆವು. ಆದರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ನಿಂತಿತು. ಏಕೆಂದರೆ ಮೂರು ದಿನಗಳ ಹಿಂದೆ ನಾವು ಮಾಡಿದ್ದೂ ಅದನ್ನೇ.

ಊರಿಗೆ ಬಂದ ಮೊದಲ ರಾತ್ರಿ ಮಗ ಮಗಳಿಗೆ ಅಣ್ಣ ಬಸವಣ್ಣನವರ ಕಥೆ ಹೇಳುತ್ತಿದ್ದ. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ಕರುಗಳು ತಾಯಂದಿರಿಲ್ಲದೆ ನರಳಬಾರದು, ಅವನ್ನೂ ಅವರ ಬಳಿಗೆ ಅಟ್ಟಿರಿ ಎಂದು ಅಣ್ಣನವರು ಹೇಳಿದ ಪ್ರಸಂಗ ತಮಗೆಲ್ಲ ತಿಳಿದದ್ದೇ. ಮಗ ಮಗುವಿಗೆ ರಂಜಿಸಲೆಂದು ಕಳ್ಳರಿಗೊಂದು ಲಾರಿ ಕೊಟ್ಟ. ಕರುಗಳನ್ನು ಟೆಂಪೋದಲ್ಲಿ ಕಳುಹಿಸಿದ. ನಾವು ಒಳಗಿನಿಂದಲೇ ಗದರಿದೆವು: "ಹನ್ನೆರಡನೆಯ ಶತಮಾನದಲ್ಲಿ ಲಾರಿ ಎಲ್ಲಿತ್ತು? ಶರಣರ ಕಥೆಯನ್ನು ಹೀಗೆ ಕೆಡಿಸಬೇಡ." ಎಲ್ಲರೆದುರು ಆಡಿದ ಮಾತು. ಮಗ ಸುಮ್ಮನಾದ. ಆ ರಾತ್ರಿಯ ಮೇಲೆ ಅವನು ಮಗುವಿಗೆ ಕಥೆ ಹೇಳಲೇ ಇಲ್ಲ.

ಲಿಖಿತ ಚರಿತ್ರೆಗೆ ಲಾರಿ ಸೇರಿಸಬಾರದು, ನಿಜ. ಆದರೆ ತೊಟ್ಟಿಲ ಪಕ್ಕದ, ಹಾಸಿಗೆಯ ಪಕ್ಕದ ಕಥೆಗೆ ಅದೇ ಕಟ್ಟಳೆ ಹಾಕಿದರೆ ಕಥೆ ಹೇಳುವವರೇ ಇಲ್ಲವಾಗುತ್ತಾರೆ. ಕಾರ್ಟೂನನ್ನೂ ಶೂನ್ಯಸಂಪಾದನೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಧಾರ್ಷ್ಟ್ಯ ನಮಗಿಲ್ಲ. ಆದರೂ ನೆನೆಯಬೇಕು: ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಪಾದಿಸಿದ ಆ ಮಹಾಕೃತಿಯನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರ ಸಿದ್ಧವೀರಣ್ಣೊಡೆಯರು ಒಬ್ಬರ ತರುವಾಯ ಒಬ್ಬರು ಪರಿಷ್ಕರಿಸಿದರು. ಸಿದ್ಧರಾಮೇಶ್ವರರ ದೀಕ್ಷೆಯ ಪ್ರಸಂಗವೇ ಅವುಗಳಲ್ಲಿ ಒಂದೇ ತೆರನಾಗಿಲ್ಲ. ಭಿನ್ನಾಭಿಪ್ರಾಯವಿತ್ತು, ಆದರೆ ಅವರು ಹಿಂದಿನವರನ್ನು ಹಳಿಯುತ್ತ ಕೂಡಲಿಲ್ಲ, ಕುಳಿತು ಮತ್ತೆ ಸಂಪಾದಿಸಿದರು. ನಾಲ್ಕೂ ನಮ್ಮವೇ ಆಗಿ ಉಳಿದಿವೆ.

ಅಂದು ರಾತ್ರಿ ನಾವೇ ಮಗನನ್ನು ಕರೆದು, "ಆ ಕಥೆ ಅರ್ಧಕ್ಕೆ ನಿಂತಿದೆ, ಮುಗಿಸಪ್ಪಾ" ಎಂದೆವು. ಅವನು ತುಸು ಹೊತ್ತು ನಮ್ಮನ್ನೇ ನೋಡಿದ. "ಟೆಂಪೋ ಇರಲೋ ಬೇಡವೋ, ಅಪ್ಪಾಜಿ?" ಎಂದು ಕೇಳಿದ. ನಾವು ಉತ್ತರ ಕೊಡುವ ಮೊದಲೇ ಮಗು ಕೇಳಿತು: "ಅದು ಬಿಡಿ, ಕರುಗಳು ಅವ್ವನ ಹತ್ತಿರ ಹೋದವೋ ಇಲ್ಲವೋ?"

ಅಭಿಮಾನಿಗಳೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ ಎಂದು ನಮಗೆ ಅನ್ನಿಸುತ್ತದೆ. ಮೂಗು ಚೂಪಾಯಿತೇ, ಟೋಪಿಯ ಬಣ್ಣ ಬದಲಾಯಿತೇ ಎಂಬುದು ಆಮೇಲಿನ ಮಾತು. ಕಥೆಯ ಒಳಗಿನ ಕರುಣೆ, ನಗು, ಧೈರ್ಯ ಎಳೆಯ ಮಗುವಿಗೆ ಮುಟ್ಟಿತೇ ಎಂಬುದು ಮೊದಲಿನ ಮಾತು. ಮುಟ್ಟದಿದ್ದರೆ ಆ ಬಾಲಕನಂತೆ ಧೈರ್ಯವಾಗಿ ಹೇಳೋಣ. ಮುಟ್ಟಿದ್ದರೆ ನಮ್ಮ ಬಾಲ್ಯವನ್ನು ಮಕ್ಕಳ ಮೇಲೆ ಹೇರದೆ ಪಕ್ಕದಲ್ಲಿ ಕುಳಿತು ನೋಡೋಣ. ಹಳೆಯ ಡಕ್‌ಟೇಲ್ಸ್ ನಮ್ಮ ಮಗನಿಗೆ ಇಂದಿಗೂ ಹೆಚ್ಚು ಪ್ರಿಯ. ಅದು ತಪ್ಪೇನೂ ಅಲ್ಲ. ಆದರೆ ಊರು ಬಿಡುವ ಹಿಂದಿನ ದಿನ ಅಪ್ಪ ಮಗಳು ಇಬ್ಬರೂ ಪಡಸಾಲೆಯಲ್ಲಿ ಕುಳಿತು, ಚಂದ್ರನ ಮೇಲಿನ ಆ ತಾಯಿ ಮನೆಗೆ ಮರಳುವುದನ್ನು ಕೊನೆಯವರೆಗೆ ನೋಡಿದರು. ನಾವೂ ನೋಡಿದೆವು.